ನೆಗಡಿ ಬಂದು ಹೋದ ಮೇಲೆ ಮಗು ದಪ್ಪ ಆಗುತ್ತಾ? 36ನೇ ನಂಬರಿನ ವೈರಸ್ಸಿನ ಕಥೆ

ಸಕಲೇಶಪುರದ ಕಡೆ ಇರುವ ನಮ್ಮ ಅಕ್ಕನ ಮನೆಯಲ್ಲಿ ಭಾನುವಾರ ಅಂದರೆ ಎಣ್ಣೆ ನೀರಿನ ದಿನ. ಒಮ್ಮೆ ನಾನು ಹೋದಾಗ ಬಚ್ಚಲಮನೆಯಿಂದ ಅಳು ಕೇಳಿಸುತ್ತಿತ್ತು. ಒಂಬತ್ತು ವರ್ಷದ ಮಗನನ್ನು ಮಣೆ ಮೇಲೆ ಕೂರಿಸಿಕೊಂಡು, ಕಡ್ಲೆಹಿಟ್ಟು ಹಚ್ಚಿ, ಅಕ್ಕ ಅವನ ಕತ್ತು ಉಜ್ಜುತ್ತಿದ್ದಳು. "ನೋಡೋ ಇಲ್ಲಿ, ಎಷ್ಟು ತಿಕ್ಕಿದ್ರೂ ಈ ಕೊಳೆ ಹೋಗ್ತಾನೇ ಇಲ್ಲ" ಅಂದಳು. ಕತ್ತಿನ ಹಿಂದೆ ಕಪ್ಪು ಪಟ್ಟಿ. ಮುಟ್ಟಿದರೆ ಸ್ವಲ್ಪ ದೊರಗು.

ಹಾಸನದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯೋದು ನನ್ನ ಕೆಲಸ. ಆ ಪಟ್ಟಿಯನ್ನು ಎಷ್ಟೋ ಮಕ್ಕಳ ಕತ್ತಿನಲ್ಲಿ ನೋಡಿದ್ದೇನೆ. ದಪ್ಪಗಿರುವ ಮಗುವಿನಲ್ಲಿ ಅದು ಸಾಮಾನ್ಯವಾಗಿ ಇನ್ಸುಲಿನ್ನಿನ ಗುರುತು. ದೇಹ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ, ಆದರೆ ಅದರ ಮಾತು ನಡೆಯುವುದಿಲ್ಲ. ಹಾಗಾಗಿ ಇನ್ನಷ್ಟು ಸುರಿಸುತ್ತದೆ. ಚರ್ಮ ಅದನ್ನು ಹೀಗೆ ತೋರಿಸಿಕೊಳ್ಳುತ್ತದೆ. ಸೋಪಿಗೆ ಹೋಗುವಂಥದ್ದಲ್ಲ.

ಮುಂದಿನ ವಾರ ಹಾಸನಕ್ಕೆ ಕರೆಸಿಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋದೆವು. ತೂಕ 46 ಕಿಲೋ, ಎತ್ತರ 136 ಸೆಂಟಿಮೀಟರ್. ಕಿಲೋವನ್ನು ಮೀಟರಿನ ವರ್ಗದಿಂದ ಭಾಗಿಸಿದರೆ 24.9. ಇದೇ ಬಿಎಂಐ. ದೊಡ್ಡವರಿಗಾದರೆ "ಸ್ವಲ್ಪ ಜಾಸ್ತಿ" ಅಂದು ಬಿಡಬಹುದಾದ ಸಂಖ್ಯೆ. ಮಕ್ಕಳಲ್ಲಿ ಹಾಗೆ ನೇರವಾಗಿ ಓದುವ ಹಾಗಿಲ್ಲ, ವಯಸ್ಸಿನ ಜೊತೆ ಇಟ್ಟು ನೋಡಬೇಕು. ಭಾರತದ ಮಕ್ಕಳ ತಜ್ಞರ ಅಕಾಡೆಮಿ 2015ರಲ್ಲಿ ಹೊರತಂದ ಚಾರ್ಟಿನಲ್ಲಿ ಎರಡು ಗೆರೆಗಳಿವೆ. ಒಂದು ದೊಡ್ಡವರ 23ಕ್ಕೆ ಸಮ, ಇನ್ನೊಂದು 27ಕ್ಕೆ ಸಮ. ಮೊದಲನೆಯದನ್ನು ದಾಟಿದರೆ ತೂಕ ಜಾಸ್ತಿ, ಎರಡನೆಯದನ್ನು ದಾಟಿದರೆ ಬೊಜ್ಜು. ಡಾಕ್ಟರು ಇಟ್ಟ ಚುಕ್ಕಿ ಎರಡನೇ ಗೆರೆಯಿಂದ ಸಾಕಷ್ಟು ಮೇಲೆ ಕೂತಿತು.

ಅಕ್ಕ ಸುಮ್ಮನಿರಲಿಲ್ಲ. "ಡಾಕ್ಟ್ರೇ, ಇವನು ಎರಡು ವರ್ಷದ ಹಿಂದೆ ಕಡ್ಡಿ ಥರ ಇದ್ದ. ಕಣ್ಣು ಕೆಂಪಾಗಿ, ಶೀತ ಜ್ವರ ಬಂದು ಹತ್ತು ದಿನ ಮಲಗಿದ್ದ. ಅದಾದ ಮೇಲೇ ಊದಿಕೊಂಡಿದ್ದು. ಜ್ವರದಿಂದ ಹೀಗಾಗುತ್ತಾ?" ಡಾಕ್ಟರು ನಗಲಿಲ್ಲ. "ಅಂಥದ್ದೊಂದು ವೈರಸ್ ಇದೆ ಅಂತಾರಮ್ಮಾ, ಆದರೆ..." ಅನ್ನುವಷ್ಟರಲ್ಲಿ ಹೊರಗಡೆ ಇನ್ನೊಂದು ಮಗು ಕಿರುಚಿಕೊಂಡಿತು. ಅವತ್ತು ನಲವತ್ತು ಜನರ ಸಾಲು. ಆ "ಆದರೆ" ಅಲ್ಲೇ ಉಳಿಯಿತು. ಅದರ ಮುಂದಿನ ಭಾಗವನ್ನು ನಾನು ಆಮೇಲೆ ರಾತ್ರಿಗಳಲ್ಲಿ ಓದಿಕೊಂಡೆ.

ಕಥೆ ಶುರುವಾಗುವುದು ಕೋಳಿಗಳಿಂದ, ಅದೂ ನಮ್ಮ ದೇಶದ ಕೋಳಿಗಳಿಂದ.

1980ರ ದಶಕ. ಬಾಂಬೆಯಲ್ಲಿ ನಿಖಿಲ್ ಧುರಂಧರ್ ಅನ್ನುವ ಯುವ ಡಾಕ್ಟರು ಬೊಜ್ಜಿಗೆ ಚಿಕಿತ್ಸೆ ಕೊಡುತ್ತಿದ್ದರು. ಬಾಂಬೆ ಪಶುವೈದ್ಯಕೀಯ ಕಾಲೇಜಿನಲ್ಲಿದ್ದ ಎಸ್.ಎಂ. ಅಜಿಂಕ್ಯ ಅವರ ಜೊತೆ ಒಮ್ಮೆ ಮಾತಿಗೆ ಕೂತಾಗ ಕೋಳಿರೋಗದ ವಿಷಯ ಬಂತು. ಕೋಳಿ ಫಾರಂಗಳಲ್ಲಿ ಹೊಸದೊಂದು ವೈರಸ್ ಬಂದು ಕೋಳಿಗಳು ಸಾಯುತ್ತಿದ್ದವು. ಸತ್ತ ಕೋಳಿಗಳನ್ನು ಕೊಯ್ದು ನೋಡಿದ್ದ ಅಜಿಂಕ್ಯ, ಲಿವರ್ ದೊಡ್ಡದಾಗಿ ಬಿಳಿಚಿಕೊಂಡಿತ್ತು, ಹೊಟ್ಟೆಯಲ್ಲಿ ಕೊಬ್ಬು ತುಂಬಿತ್ತು ಅಂದರು.

ಧುರಂಧರ್ ಅವರ ಕಿವಿ ನೆಟ್ಟಗಾಗಿದ್ದು ಇಲ್ಲಿ. ಕೋಳಿ ಸಾಕಿದವರಿಗೆ ಇದು ಎಷ್ಟು ವಿಚಿತ್ರ ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕಡೆ ಕೊಕ್ಕರೆ ರೋಗ ಬಂದಾಗ ಕೋಳಿ ತಿನ್ನೋದು ಬಿಟ್ಟು, ತೂಕಡಿಸಿ, ಎದೆ ಮೂಳೆ ಕೈಗೆ ಸಿಗುವಷ್ಟು ಬಡಕಲಾಗುತ್ತೆ. ಕಾಯಿಲೆಯ ಕೋಳಿ ಕೊಬ್ಬುತ್ತೆ ಅಂದರೆ ಯಾರು ನಂಬುತ್ತಾರೆ?

ಅವರು ಪ್ರಯೋಗ ಮಾಡಿ ನೋಡಿದರು. ಆರೋಗ್ಯವಾಗಿದ್ದ ಕೋಳಿಗಳಿಗೆ ಆ ವೈರಸ್ ಕೊಟ್ಟಾಗ ಅವುಗಳಲ್ಲಿ ಕೊಬ್ಬು ಜಾಸ್ತಿಯಾಯಿತು. ಆಶ್ಚರ್ಯ ಏನೆಂದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಇಳಿಯಿತು. ಕೊಬ್ಬಿದ ಕೋಳಿಯಲ್ಲಿ ಏರಬೇಕಾಗಿದ್ದದ್ದು! ಈ ಗುರುತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ. ವೈರಸ್ಸಿಗೆ ಅಜಿಂಕ್ಯ ಅವರ ಹೆಸರಿನ ಅಕ್ಷರಗಳನ್ನೇ ತೆಗೆದುಕೊಂಡು ಎಸ್‌ಎಂಎಎಂ-1 ಅಂತ ಹೆಸರಿಟ್ಟಿದ್ದರು.

ಆಮೇಲೆ ಬಾಂಬೆಯ 52 ದಪ್ಪ ಜನರ ರಕ್ತ ಪರೀಕ್ಷಿಸಿದರು. 10 ಜನರಲ್ಲಿ ಈ ಕೋಳಿ ವೈರಸ್ಸಿನ ಆಂಟಿಬಾಡಿ, ಅಂದರೆ ವೈರಸ್ ಎದುರಿಸಲು ದೇಹ ತಯಾರಿಸಿಕೊಳ್ಳುವ ಪ್ರೋಟೀನ್, ಸಿಕ್ಕಿತು. ಆ ಹತ್ತು ಜನರ ಸರಾಸರಿ ತೂಕ 95 ಕಿಲೋ, ಉಳಿದವರದ್ದು 80. ಕೊಲೆಸ್ಟ್ರಾಲ್ ಮಾತ್ರ ಆ ಹತ್ತು ಜನರಲ್ಲೇ ಕಡಿಮೆ. ಕೋಳಿಗಳಲ್ಲಿ ಕಂಡ ಗುರುತೇ ಮನುಷ್ಯರಲ್ಲೂ. ಈ ವರದಿ ಅಚ್ಚಾಗಿದ್ದು 1997ರಲ್ಲಿ.

ಅಷ್ಟರಲ್ಲಿ ಧುರಂಧರ್ ಅಮೆರಿಕಕ್ಕೆ ಹೋಗಿ, ವಿಸ್ಕಾನ್ಸಿನ್‌ನಲ್ಲಿ ಬೊಜ್ಜಿನ ಸಂಶೋಧಕ ರಿಚರ್ಡ್ ಅಟ್ಕಿನ್ಸನ್ ಅವರ ಜೊತೆ ಸೇರಿಕೊಂಡಿದ್ದರು. ನಮ್ಮ ದೇಶದ ಕೋಳಿ ವೈರಸ್ಸನ್ನು ಒಳಗೆ ತರೋಕೆ ಅಲ್ಲಿನ ಕೃಷಿ ಇಲಾಖೆ ಒಪ್ಪಲಿಲ್ಲ. ಯಾವ ದೇಶ ಒಪ್ಪುತ್ತೆ ಹೇಳಿ. ಬೇರೆ ದಾರಿ ಇಲ್ಲದೆ, ಲ್ಯಾಬುಗಳಿಗೆ ವೈರಸ್ ಒದಗಿಸುವ ಸಂಸ್ಥೆಯಿಂದ, ಕೋಳಿ ವೈರಸ್ಸಿನ ಕುಟುಂಬಕ್ಕೇ ಸೇರಿದ ಮನುಷ್ಯರ ಅಡಿನೋವೈರಸ್ ಒಂದನ್ನು ತರಿಸಿದರು. ಅಡಿನೋವೈರಸ್ ಅಂದರೆ ಹೊಸದೇನಲ್ಲ. ಮಕ್ಕಳ ನೆಗಡಿ, ಗಂಟಲು ನೋವು, ಮದ್ರಾಸ್ ಐ, ಭೇದಿ, ಇವುಗಳ ಹಿಂದೆ ಎಷ್ಟೋ ಸಲ ಇರುವುದು ಇದೇ ಕುಟುಂಬ. 1953ರಲ್ಲಿ ಮೊದಲ ಸಲ ಸಿಕ್ಕಿತು, ಈಗ ಐವತ್ತಕ್ಕೂ ಹೆಚ್ಚು ಬಗೆ ಗೊತ್ತಿವೆ. ಅವರು ತರಿಸಿದ್ದು 36ನೇ ನಂಬರಿನದು. ಬೇರೆ ನಂಬರುಗಳ ಆಂಟಿಬಾಡಿ ಜೊತೆ ಇದು ಕಲಸಿಕೊಳ್ಳುವುದಿಲ್ಲ, ಹಾಗಾಗಿ ರಕ್ತದಲ್ಲಿ ಗುರುತಿಸೋದು ಸುಲಭ. 1978ರಲ್ಲಿ ಜರ್ಮನಿಯಲ್ಲಿ ಸಕ್ಕರೆ ಕಾಯಿಲೆ ಇದ್ದ ಆರು ವರ್ಷದ ಹುಡುಗಿಯ ಮಲದಲ್ಲಿ ಇದು ಸಿಕ್ಕಿತ್ತು.

ಈ 36ನೇ ವೈರಸ್ ಕೋಳಿಗಳನ್ನು ಕೊಬ್ಬಿಸಿತು, ಇಲಿಗಳನ್ನು ಕೊಬ್ಬಿಸಿತು. ಎರಡರಲ್ಲೂ ಕೊಲೆಸ್ಟ್ರಾಲ್ ಇಳಿಯಿತು. ಆ ವರದಿ ಬಂದಿದ್ದು 2000ದಲ್ಲಿ. ಆಮೇಲೆ ಮಾರ್ಮೊಸೆಟ್ ಅನ್ನುವ ಪುಟ್ಟ ಕೋತಿಗಳ ಸರದಿ. ಸೋಂಕು ಕೊಟ್ಟ ಕೋತಿಗಳಲ್ಲಿ ತೂಕದ ಏರಿಕೆ ಉಳಿದವುಗಳ ಮೂರು ಪಟ್ಟು ಇತ್ತು.

ಒಂದು ನೆಗಡಿ ವೈರಸ್ ಕೊಬ್ಬು ಹೇಗೆ ಬೆಳೆಸುತ್ತೆ? ಇಲ್ಲಿ ಸ್ವಲ್ಪ ನಿಧಾನ ಓದಿ.

ನಮ್ಮ ದೇಹದ ಕೊಬ್ಬನ್ನು ಹಳೇ ಮನೆಗಳ ಕಣಜ ಅಂದುಕೊಳ್ಳಿ. ಕೊಬ್ಬಿನ ಒಂದೊಂದು ಜೀವಕೋಶವೂ ಒಂದೊಂದು ಕಣಜ. ಅವುಗಳ ಪಕ್ಕದಲ್ಲೇ ಇನ್ನೂ ಏನಾಗಬೇಕು ಅಂತ ತೀರ್ಮಾನವಾಗದ ಎಳೆಯ ಕೋಶಗಳಿರುತ್ತವೆ. 36ನೇ ವೈರಸ್ಸಿನ ಹತ್ತಿರ ಇ-4 ಓಆರ್‌ಎಫ್-1 ಅನ್ನುವ ಒಂದು ಪ್ರೋಟೀನ್ ಇದೆ. ಹೆಸರು ವಾಹನದ ನಂಬರಿನಂತಿದೆ, ಮರೆತರೂ ಪರವಾಗಿಲ್ಲ. ಅದು ಎರಡು ಕೆಲಸ ಮಾಡುತ್ತೆ. ಎಳೆಯ ಕೋಶಗಳನ್ನು ಕೊಬ್ಬಿನ ಕೋಶವಾಗುವ ಕಡೆ ತಳ್ಳುತ್ತೆ, ಅಂದರೆ ಹೊಸ ಕಣಜ ಕಟ್ಟಿಸುತ್ತೆ. ಆಮೇಲೆ ಕೋಶಗಳು ರಕ್ತದಿಂದ ಸಕ್ಕರೆ ಎಳೆದುಕೊಳ್ಳುವ ಬಾಗಿಲನ್ನು ತೆರೆಸುತ್ತೆ. ಸಾಮಾನ್ಯವಾಗಿ ಆ ಬಾಗಿಲು ತಟ್ಟುವುದು ಇನ್ಸುಲಿನ್. ಇಲ್ಲಿ ಇನ್ಸುಲಿನ್ನಿನ ಅಪ್ಪಣೆಗೆ ಅಷ್ಟಾಗಿ ಕಾಯುವುದಿಲ್ಲ.

2007ರಲ್ಲಿ ಅಮೆರಿಕದ ಲೂಸಿಯಾನಾದ ವಿಜ್ಞಾನಿಗಳು ಇದನ್ನು ಮನುಷ್ಯರ ಕೋಶಗಳಲ್ಲೇ ತೋರಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಕೊಬ್ಬಿನಿಂದ ಎಳೆಯ ಕೋಶಗಳನ್ನು ಬೇರ್ಪಡಿಸಿ, ಅರ್ಧಕ್ಕೆ ವೈರಸ್ ಕೊಟ್ಟು, ಇನ್ನರ್ಧವನ್ನು ಹಾಗೇ ಬಿಟ್ಟರು. ಕೆಲವು ದಿನಗಳಲ್ಲಿ ವೈರಸ್ ತಗುಲಿದವುಗಳಲ್ಲಿ ಕೊಬ್ಬಿನ ಕೋಶಗಳಾದವುಗಳ ಸಂಖ್ಯೆ ತುಂಬಾ ಜಾಸ್ತಿಯಿತ್ತು.

ಈಗ ಆ ವಿಚಿತ್ರ ಗುರುತು ಸ್ವಲ್ಪ ಅರ್ಥವಾಗುತ್ತೆ ಅಲ್ವಾ? ರಸ್ತೆಯಲ್ಲಿ ಬಿದ್ದಿದ್ದ ಮೂಟೆಗಳು ಕಣಜ ಸೇರಿದರೆ ರಸ್ತೆ ಖಾಲಿಯಾಗುತ್ತೆ. ಮೈ ದಪ್ಪ, ಆದರೆ ರಕ್ತದ ರಿಪೋರ್ಟ್ ನೋಡಿದರೆ ಅಷ್ಟೇನೂ ಕೆಟ್ಟಿಲ್ಲ. ಇದೇ ಕಾರಣಕ್ಕೆ ಧುರಂಧರ್ ಅವರ ತಂಡ ಆ ಪ್ರೋಟೀನನ್ನು ಸಕ್ಕರೆ ಕಾಯಿಲೆಗೆ ಔಷಧಿಯಾಗಿ ಬಳಸಬಹುದಾ ಅಂತ ಹುಡುಕಲು ಹೊರಟಿತು. ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ತಿರುವು ಇದು.

ಮಕ್ಕಳ ವಿಷಯದಲ್ಲಿ ಕಣಜದ ಮಾತು ಇನ್ನೂ ಮುಖ್ಯ. 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕೊಬ್ಬಿನ ಕೋಶಗಳ ವಯಸ್ಸು ಅಳೆದು ನೋಡಿದರು. ಒಬ್ಬರ ದೇಹದಲ್ಲಿ ಅವು ಎಷ್ಟಿರಬೇಕು ಅನ್ನೋದು ಹೆಚ್ಚಾಗಿ ಬಾಲ್ಯ ಮತ್ತು ಹರೆಯದಲ್ಲೇ ತೀರ್ಮಾನವಾಗುತ್ತೆ ಅಂತ ಗೊತ್ತಾಯಿತು. ದೊಡ್ಡವರಾದ ಮೇಲೆ ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಸಾಯುತ್ತವೆ, ಅಷ್ಟೇ ಹೊಸದಾಗಿ ಹುಟ್ಟುತ್ತವೆ, ಒಟ್ಟು ಲೆಕ್ಕ ಹಾಗೇ ಉಳಿಯುತ್ತೆ. ತೂಕ ಇಳಿಸಿದರೂ ಕಣಜ ಖಾಲಿಯಾಗುತ್ತೆ ಹೊರತು ಕೆಡವಿ ಹೋಗುವುದಿಲ್ಲ. ಹೊಸ ಕಣಜ ಕಟ್ಟಿಸುವ ವೈರಸ್ ಐದಾರನೇ ವಯಸ್ಸಿನಲ್ಲಿ ಬಂದರೆ ಅನ್ನುವ ಪ್ರಶ್ನೆ ಹುಟ್ಟಿದ್ದು ಹೀಗೆ.

ಮಕ್ಕಳ ಮೇಲಿನ ಅಧ್ಯಯನಗಳಲ್ಲಿ ಹೆಸರಾದದ್ದು 2010ರದು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಜೆಫ್ರಿ ಶ್ವಿಮ್ಮರ್ ಅವರ ತಂಡ 8ರಿಂದ 18 ವರ್ಷದ 124 ಮಕ್ಕಳ ರಕ್ತ ಪರೀಕ್ಷಿಸಿತು. ಬೊಜ್ಜಿದ್ದ 67 ಮಕ್ಕಳಲ್ಲಿ 15 ಜನಕ್ಕೆ 36ರ ಆಂಟಿಬಾಡಿ ಇತ್ತು. ಬೊಜ್ಜಿಲ್ಲದ 57 ಮಕ್ಕಳಲ್ಲಿ 4 ಜನಕ್ಕೆ. ಶೇಕಡಾ 22 ಒಂದು ಕಡೆ, 7 ಇನ್ನೊಂದು ಕಡೆ. ಬೊಜ್ಜಿದ್ದ ಮಕ್ಕಳನ್ನೇ ತಮ್ಮತಮ್ಮಲ್ಲಿ ಹೋಲಿಸಿದರೂ ಆಂಟಿಬಾಡಿ ಇದ್ದವರು ಸರಾಸರಿ 16 ಕಿಲೋ ಜಾಸ್ತಿ ತೂಗುತ್ತಿದ್ದರು. ಪತ್ರಿಕೆಗಳು "ಬೊಜ್ಜು ಅಂಟುರೋಗ" ಅಂತ ಬರೆಯೋಕೆ ಇಷ್ಟು ಸಾಕಾಗಿತ್ತು.

ಅದೇ ಅಂಕಿಯನ್ನು ಇನ್ನೊಂದು ಕಡೆಯಿಂದ ಓದಿ. ಬೊಜ್ಜಿದ್ದ 67ರಲ್ಲಿ 52 ಮಕ್ಕಳಿಗೆ ಆ ವೈರಸ್ಸಿನ ಗುರುತೇ ಇಲ್ಲ. ಅವರು ದಪ್ಪಗಾಗಿದ್ದು ಬೇರೆ ಕಾರಣಕ್ಕೆ. ಗುರುತು ಇದ್ದ 19 ಮಕ್ಕಳಲ್ಲಿ ನಾಲ್ವರು ದಪ್ಪಗಿಲ್ಲ. ಆ ನಾಲ್ಕರ ಜೊತೆಗೆ ಆಕಸ್ಮಿಕವಾಗಿ ಇನ್ನೂ ನಾಲ್ಕು ಮಕ್ಕಳು ಸೇರಿದ್ದರೆ ಶೇಕಡಾ 7 ಅನ್ನುವುದು 14 ಆಗಿಬಿಡುತ್ತಿತ್ತು. ಸಣ್ಣ ಗುಂಪಿನ ಲೆಕ್ಕ ಹೀಗೇ, ಒಂದೊಂದು ತಲೆಗೂ ತುಂಬಾ ತೂಕ.

ಇನ್ನು ಆಂಟಿಬಾಡಿ ಅನ್ನುವ ಪದ. ಇದು ನನ್ನ ದಿನಾ ಕೆಲಸ, ಹಾಗಾಗಿ ಎರಡು ಮಾತು ಜಾಸ್ತಿ ಹೇಳುತ್ತೇನೆ. ಡೆಂಗಿ ಪರೀಕ್ಷೆ ಮಾಡಿಸಿದವರಿಗೆ ಗೊತ್ತಿರುತ್ತೆ, ರಿಪೋರ್ಟಿನಲ್ಲಿ ಎನ್‌ಎಸ್-1, ಐಜಿಎಂ, ಐಜಿಜಿ ಅಂತ ಮೂರು ಸಾಲು. ಎನ್‌ಎಸ್-1 ಅಂದರೆ ವೈರಸ್ಸಿನದ್ದೇ ತುಣುಕು, ಅದು ಈಗ ಮೈಯಲ್ಲಿದೆ. ಉಳಿದೆರಡು ಆಂಟಿಬಾಡಿಗಳು. ಐಜಿಎಂ ಅಂದರೆ ಇತ್ತೀಚೆಗೆ ಬಂದಿದ್ದು. ಐಜಿಜಿ ಮಾತ್ರ ಇದ್ದರೆ ಯಾವಾಗಲೋ ಬಂದು ಹೋಗಿರಬಹುದು. 36ರ ಅಧ್ಯಯನಗಳಲ್ಲಿ ನೋಡಿದ್ದು ಹೆಚ್ಚಾಗಿ ಹೀಗೆ ಯಾವಾಗಲೋ ಬಂದು ಹೋದದ್ದರ ಗುರುತು. ತೂಕ ಏರುವ ಮೊದಲು ಬಂತೋ, ಏರಿದ ಮೇಲೆ ಬಂತೋ, ಆ ರಕ್ತ ಹೇಳುವುದಿಲ್ಲ.

ಅಕ್ಕನಿಗೆ ಇದನ್ನು ಹೇಗೆ ಹೇಳೋದು ಅಂತ ಯೋಚಿಸುತ್ತಿದ್ದಾಗ ಅವಳ ತೋಟವೇ ನೆನಪಾಯಿತು. ಬೆಳಿಗ್ಗೆ ಎದ್ದು ಹೋದರೆ ಕಾಫಿ ಗಿಡದ ನಡುವೆ ಆನೆ ಲದ್ದಿ, ಹೆಜ್ಜೆ, ಕೆಡವಿದ ಬೈನೆ ಮರ. ಪಕ್ಕದಲ್ಲಿ ಬೇಲಿ ಬಿದ್ದಿದೆ. ಆನೆ ಬಂದಿತ್ತು ಅನ್ನೋದರಲ್ಲಿ ಅನುಮಾನ ಇಲ್ಲ. ಬೇಲಿಯನ್ನು ಮುರಿದಿದ್ದು ಅದೇನಾ? ಇಲ್ಲ ಬೇಲಿ ಮೊದಲೇ ಬಿದ್ದಿತ್ತು ಅಂತ ಆನೆ ಆ ಕಡೆಯಿಂದ ಒಳಗೆ ಬಂತಾ? ಹೆಜ್ಜೆ ನೋಡಿದರೆ ಗೊತ್ತಾಗಲ್ಲ. ಬೊಜ್ಜಿದ್ದವರ ದೇಹ ಕೆಲವು ಸೋಂಕುಗಳ ಎದುರು ಸ್ವಲ್ಪ ಮೆತ್ತಗಿರುತ್ತೆ ಅನ್ನೋದು ಗೊತ್ತಿರುವ ಸಂಗತಿ. ಹಾಗಾದರೆ ವೈರಸ್ ಬಂದು ಮಗು ದಪ್ಪವಾಯಿತೋ, ದಪ್ಪಗಿದ್ದ ಮಗುವಿಗೆ ವೈರಸ್ ಸುಲಭವಾಗಿ ತಗುಲಿತೋ?

ಇದನ್ನು ಬಿಡಿಸಲು ಅವಳಿಗಳ ದಾರಿ ಹಿಡಿದಿದ್ದರು. 2005ರಲ್ಲಿ ಅಟ್ಕಿನ್ಸನ್ ತಂಡ 502 ಅಮೆರಿಕನ್ನರ ರಕ್ತ ನೋಡಿತ್ತು. ಬೊಜ್ಜಿದ್ದವರಲ್ಲಿ ಶೇಕಡಾ 30, ಇಲ್ಲದವರಲ್ಲಿ 11 ಜನಕ್ಕೆ ಆಂಟಿಬಾಡಿ ಇತ್ತು. ಅದರ ಜೊತೆಗೇ ಅವಳಿ ಜೋಡಿಗಳನ್ನೂ ಪರೀಕ್ಷಿಸಿದರು. ಒಬ್ಬರಿಗೆ ಸೋಂಕು ತಗುಲಿ ಇನ್ನೊಬ್ಬರಿಗೆ ತಗುಲದ ಜೋಡಿಗಳಲ್ಲಿ, ಸೋಂಕು ತಗುಲಿದವರ ಬಿಎಂಐ ಸರಾಸರಿ 24.5, ಇನ್ನೊಬ್ಬರದ್ದು 23.1. ಒಂದೇ ತಾಯಿ, ಒಂದೇ ಮನೆ ಊಟ, ಆದರೂ ಅಷ್ಟು ವ್ಯತ್ಯಾಸ. ಒಳ್ಳೇ ಸಾಕ್ಷಿ, ಒಪ್ಪುತ್ತೇನೆ. ಆದರೆ ವ್ಯತ್ಯಾಸ ಎಷ್ಟು ಸಣ್ಣದು ಅನ್ನೋದನ್ನೂ ನೋಡಿ.

ಎಲ್ಲ ಕಡೆ ಹೀಗೇ ಸಿಕ್ಕಿತಾ? ಇಲ್ಲ. ಕೊರಿಯಾದ ಮಕ್ಕಳಲ್ಲಿ ನಂಟು ಕಂಡಿತು. ಅಮೆರಿಕದ ಸೈನಿಕರಲ್ಲಿ ಹುಡುಕಿದಾಗ ಕಾಣಲಿಲ್ಲ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಈ ಆಂಟಿಬಾಡಿ ಇದ್ದವರೇ ತೀರಾ ಕಡಿಮೆ, ಬೊಜ್ಜಿಗೂ ಅದಕ್ಕೂ ನಂಟಿಲ್ಲ. ಎಲ್ಲವನ್ನೂ ಒಟ್ಟು ಹಾಕಿ ಲೆಕ್ಕ ಮಾಡಿದವರು ನಂಟು ಇದೆ ಅಂತಲೇ ಹೇಳಿದ್ದಾರೆ. ಕೋತಿಗೆ ಮಾಡಿದ ಪ್ರಯೋಗವನ್ನು ಮಗುವಿಗೆ ಮಾಡುವ ಹಾಗಿಲ್ಲ, ಮಾಡಲೂಬಾರದು. ಹಾಗಾಗಿ ಕೊನೆಯ ಗಂಟು ಬಿಚ್ಚೋದು ಕಷ್ಟ. ಮಕ್ಕಳನ್ನು ಹುಟ್ಟಿದಾಗಿನಿಂದ ವರ್ಷ ವರ್ಷ ರಕ್ತ ತೆಗೆದಿಟ್ಟುಕೊಂಡು ನೋಡುತ್ತಾ ಹೋದರೆ ಆನೆ ಮೊದಲೋ ಬೇಲಿ ಮೊದಲೋ ಅಂತ ತಿಳಿಯಬಹುದು.

ವೈರಸ್ ಯಾವುದು ಅಂತ ಕೇಳದೆ, ಒಟ್ಟಾರೆ ಸೋಂಕುಗಳ ಮೇಲೆ ಅಂಥ ಒಂದು ದೊಡ್ಡ ಲೆಕ್ಕ 2016ರಲ್ಲಿ ಬಂದಿದೆ. ಉತ್ತರ ಕ್ಯಾಲಿಫೋರ್ನಿಯಾದ 2,60,556 ಮಕ್ಕಳದ್ದು. ಹುಟ್ಟಿದ ಮೊದಲ ವರ್ಷದಲ್ಲಿ ಸೋಂಕು ಬಂದು ಆಂಟಿಬಯಾಟಿಕ್ ಕೊಡದೇ ಇದ್ದ ಮಕ್ಕಳಲ್ಲಿ, ಸೋಂಕೇ ಬರದ ಮಕ್ಕಳಿಗಿಂತ, ಮುಂದೆ ಬೊಜ್ಜಿನ ಸಾಧ್ಯತೆ ಸುಮಾರು ಕಾಲು ಪಾಲು ಜಾಸ್ತಿ ಕಂಡಿತು. ಅಲ್ಲಿಯವರೆಗೆ ಹಲವರ ಬೆರಳು ಆಂಟಿಬಯಾಟಿಕ್ ಕಡೆ ಇತ್ತು. ಈ ಲೆಕ್ಕ ಬೆರಳನ್ನು ಸೋಂಕಿನ ಕಡೆ ತಿರುಗಿಸಿತು. ಹಾಗಂತ ನೆಗಡಿಗೆಲ್ಲ ಆಂಟಿಬಯಾಟಿಕ್ ನುಂಗಿಸಿ ಅಂತ ಇದರ ಅರ್ಥ ಅಲ್ಲ. ವೈರಸ್ಸಿಗೆ ಅದು ನಾಟುವುದೇ ಇಲ್ಲ.

ಈಗ ನಮ್ಮ ಹುಡುಗನ ವಿಷಯಕ್ಕೆ ಬರೋಣ. ಅಕ್ಕ ಹೇಳಿದ್ದು ಸುಳ್ಳಲ್ಲ. ಜ್ವರ ಬಂದಿದ್ದು ನಿಜ, ಆಮೇಲೆ ದಪ್ಪ ಆಗಿದ್ದೂ ನಿಜ. ಆದರೆ ಆ ವರ್ಷ ಇನ್ನೇನೇನು ಆಯಿತು ಅಂತ ಒಂದು ಸಂಜೆ ಕೂತು ಮಾತಾಡಿದೆವು.

ಮೊದಲು ಅವನು ತೋಟದ ಕಾಲುದಾರಿಯಲ್ಲಿ ಒಂದೂವರೆ ಕಿಲೋಮೀಟರ್ ನಡೆದು ಶಾಲೆಗೆ ಹೋಗುತ್ತಿದ್ದ. ಬರುವಾಗ ಹಳ್ಳದಲ್ಲಿ ಏಡಿ ಹಿಡಿಯುವುದು, ಸೀಬೆ ಮರ ಹತ್ತುವುದು. ಆನೆ ಕಾಟ ಜಾಸ್ತಿಯಾದ ಮೇಲೆ ಅದೆಲ್ಲ ನಿಂತಿತು. ಈಗ ಮನೆ ಬಾಗಿಲಿಗೆ ಜೀಪು ಬರುತ್ತೆ. ಆನೆ ಇದೆ ಅಂತ ಮೊಬೈಲಿಗೆ ಮೆಸೇಜ್ ಬಂದ ದಿನ ಅಂಗಳಕ್ಕೂ ಬಿಡುವುದಿಲ್ಲ. ಒಳಗೆ ಕೂತ ಹುಡುಗನ ಕೈಗೆ ಅದೇ ಮೊಬೈಲು. ಜ್ವರದಿಂದ ಎದ್ದವನಿಗೆ "ಸೊರಗಿ ಹೋಗಿದೆ ಮಗು" ಅಂತ ಅಜ್ಜಿ ಕಡುಬಿನ ಮೇಲೆ ತುಪ್ಪ ಸುರಿದರು. ಮಗು ಸೊರಗಿದ್ದು ಹತ್ತು ದಿನ, ತುಪ್ಪ ಎರಡು ವರ್ಷ ನಡೆಯಿತು. ಭಾವ ಹಾಸನಕ್ಕೆ ಬಂದಾಗಲೆಲ್ಲ ಬೇಕರಿ ಪೊಟ್ಟಣ ಬೇರೆ. ಅಯ್ಯಂಗಾರ್ ಬೇಕರಿಗಳ ತವರು ಜಿಲ್ಲೆಯಲ್ಲಿ ಹುಟ್ಟಿ, ಖಾರಾ ಬನ್ನು, ದಿಲ್‌ಪಸಂದ್ ಬೇಡ ಅನ್ನೋದು ನನ್ನ ಕೈಲೂ ಆಗಲ್ಲ, ಬಿಡಿ.

ಇದೆಲ್ಲ ಒಂದೇ ವರ್ಷದ ಮಾತು. ಇದರಲ್ಲಿ ಜ್ವರವನ್ನು ಮಾತ್ರ ಹೆಕ್ಕಿ ತೆಗೆದು "ಇದೇ" ಅನ್ನೋದು ಹೇಗೆ? ಆದರೆ ಜ್ವರವನ್ನು ಮಾತ್ರ ಬಿಟ್ಟು "ತಿಂದಿದ್ದಕ್ಕೇ ಆಗಿದ್ದು" ಅನ್ನೋದೂ ಅಷ್ಟೇ ಅವಸರ. ಒಂದೇ ಮನೆಯಲ್ಲಿ ಒಂದೇ ತುಪ್ಪ ತಿಂದ ಅವನ ಅಕ್ಕ ಈಗಲೂ ಕಡ್ಡಿ. ಮನೆಗೆ ಬಂದವರೆಲ್ಲ "ಏನಮ್ಮಾ, ಹುಡುಗನಿಗೆ ಏನು ತಿನ್ನಿಸ್ತೀಯಾ" ಅಂತ ನಗುವಾಗ ನಮ್ಮ ಅಕ್ಕ ತಲೆ ತಗ್ಗಿಸುತ್ತಾಳೆ. ನಮ್ಮ ದೇಶದಲ್ಲಿ 2022ರ ಹೊತ್ತಿಗೆ 5ರಿಂದ 19 ವರ್ಷದವರಲ್ಲಿ ಸುಮಾರು 1.25 ಕೋಟಿ ಮಕ್ಕಳಿಗೆ ಬೊಜ್ಜಿತ್ತು. 1990ರಲ್ಲಿ ಅದು ಸುಮಾರು 4 ಲಕ್ಷ. ಅಷ್ಟು ಮನೆಗಳ ಅಮ್ಮಂದಿರು ಒಟ್ಟಿಗೇ ಕೆಟ್ಟರು ಅನ್ನೋದು ನನಗಂತೂ ನಂಬೋಕಾಗಲ್ಲ. ಮೂವತ್ತು ವರ್ಷದಲ್ಲಿ ಹೊಸದಾಗಿ ವೈರಸ್ ಬಂದು ಹೀಗಾಯಿತು ಅನ್ನೋದನ್ನೂ ನಂಬೋಕಾಗಲ್ಲ. ಊಟ, ಓಡಾಟ, ನಿದ್ದೆ ಎಲ್ಲ ಬದಲಾದ ಕಾಲದಲ್ಲಿ, ಕೆಲವು ಮಕ್ಕಳಿಗೆ ವೈರಸ್ ಇನ್ನೊಂದು ತಳ್ಳು ಕೊಟ್ಟಿರಬಹುದು. ನಾನು ಓದಿದ್ದರಲ್ಲಿ ಇಷ್ಟು ದೂರ ಹೋಗಬಹುದು, ಇದಕ್ಕಿಂತ ಮುಂದಕ್ಕೆ ಹೋಗೋಕಾಗಲ್ಲ.

"ಹಾಗಾದ್ರೆ ಆ 36ರ ಟೆಸ್ಟ್ ನಿಮ್ಮ ಲ್ಯಾಬಲ್ಲಿ ಮಾಡ್ತೀರೇನೋ?" ಅಂತ ಅಕ್ಕ ಕೇಳಿದಳು. ಇಲ್ಲ. ಅದು ಸಂಶೋಧಕರು ಮಾಡಿಕೊಳ್ಳುವ ಪರೀಕ್ಷೆ. ಮಾಡಿಸಿ "ಇದೆ" ಅಂತ ಬಂದರೂ ಕೊಡೋಕೆ ಮಾತ್ರೆ ಇಲ್ಲ. ಲಸಿಕೆಯೂ ಇಲ್ಲ. ಅಡಿನೋವೈರಸ್ಸಿಗೆ ಅಂತ ಅಮೆರಿಕದ ಸೈನಿಕರಿಗೆ ನುಂಗುವ ಲಸಿಕೆ ಕೊಡುತ್ತಾರೆ, ಅದು 4 ಮತ್ತು 7ನೇ ನಂಬರಿಗೆ. 36ಕ್ಕಲ್ಲ. ಶೀತ ಬಂದ ಮಕ್ಕಳ ಮನೆಯಲ್ಲಿ ಸೋಪು ನೀರಿನಲ್ಲಿ ಕೈ ತೊಳೆದುಕೊಳ್ಳಿ. ಅಡಿನೋವೈರಸ್ಸಿನ ಹೊರಗೆ ಜಿಡ್ಡಿನ ಪೊರೆ ಇಲ್ಲ, ಹಾಗಾಗಿ ಸ್ಯಾನಿಟೈಸರ್ ಅದನ್ನು ಅಷ್ಟು ಚೆನ್ನಾಗಿ ಕೊಲ್ಲುವುದಿಲ್ಲ. ಸೋಪು ನೀರು ತೊಳೆದು ಹಾಕುತ್ತೆ.

ಇನ್ನೊಂದು ವಿಷಯ. 36 ಬಂದವರಲ್ಲಿ ಸಕ್ಕರೆಯ ಲೆಕ್ಕ ಕೆಡುವ ಬದಲು ಸುಧಾರಿಸುತ್ತೆ ಅಂದೆನಲ್ಲ. ನಮ್ಮ ಹುಡುಗನ ಕತ್ತಿನ ಪಟ್ಟಿ ತದ್ವಿರುದ್ಧ ಹೇಳುತ್ತಿದೆ. ಪಟ್ಟಿ ನೋಡಿ ವೈರಸ್ ಇಲ್ಲ ಅಂತ ಹೇಳೋಕೆ ಬರಲ್ಲ. ಆದರೆ ಡಾಕ್ಟರು ಹಿಂದೆ ಬಿದ್ದಿದ್ದು ಆ ಪಟ್ಟಿಯ ಜಾಡನ್ನೇ. ಊಟಕ್ಕೆ ಮುಂಚಿನ ಸಕ್ಕರೆ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಲಿವರ್, ಥೈರಾಯ್ಡ್. ರಕ್ತ ನಾನೇ ತೆಗೆದೆ, ಮಾವ ಅಂತ ಕೈ ಧೈರ್ಯವಾಗಿ ಚಾಚಿದ. ರಾತ್ರಿ ಗೊರಕೆ ಹೊಡೆಯುತ್ತಾನಾ ಅಂತಲೂ ಕೇಳಿದರು. ತೂಕ ಇಳಿಸುವ ಹಟ ಬೇಡ, ತೂಕ ನಿಂತಲ್ಲೇ ನಿಂತು ಹುಡುಗ ಎತ್ತರ ಬೆಳೆದರೆ ಚುಕ್ಕಿ ತಾನಾಗೇ ಕೆಳಗೆ ಬರುತ್ತೆ ಅಂದರು. ಮೂರು ತಿಂಗಳಿಗೆ ಮತ್ತೆ ಬರಬೇಕು.

ಅಂಗಳದಲ್ಲಿ ಕಾಫಿ ಒಣಗಿಸುವ ಕಣಕ್ಕೆ ಭಾವ ಒಂದು ಕಡೆ ಬಲೆ ಕಟ್ಟಿ, ಹುಡುಗನಿಗೆ ಶಟಲ್ ಬ್ಯಾಟ್ ತಂದುಕೊಟ್ಟಿದ್ದಾನೆ. ಕೊಯ್ಲು ಶುರುವಾಗುವವರೆಗೆ ಜಾಗ ಖಾಲಿ. ಅಜ್ಜಿ ತುಪ್ಪದ ಚಮಚ ಚಿಕ್ಕದು ಮಾಡಿದ್ದಾರೆ, ಮನಸ್ಸಿಲ್ಲದ ಮನಸ್ಸಿನಿಂದ. ಭಾನುವಾರದ ಎಣ್ಣೆ ನೀರು ಹಾಗೇ ಇದೆ. ಕತ್ತು ಉಜ್ಜುವುದನ್ನು ಮಾತ್ರ ಅಕ್ಕ ನಿಲ್ಲಿಸಿದ್ದಾಳೆ.